ಹಳೇ ರೇಸ್ ಸೈಕಲ್ಲಿನ ಹ್ಯಾಂಡಲ್ ಬಳುಕಿದರೆ: ಸ್ಟೆಮ್ ಬಿಗಿ ಮಾಡುವ ಬಗೆ

ಹಳೇ ಸ್ಟೀಲ್ ರೇಸ್ ಸೈಕಲ್ಲಿನಲ್ಲಿ ಕದ್ರಾ ದಾಟಿ ಅಣಶಿ ಘಟ್ಟ ಹತ್ತುವಾಗ ಸೀಟು ಬಿಟ್ಟು ಎದ್ದು ತುಳಿದು ನೋಡಿ. ಎಳೆದ ಕೈಯ ಕಡೆ ಹ್ಯಾಂಡಲ್ ಮೇಲೇಳುತ್ತದೆ, ಒತ್ತಿದ ಕೈಯ ಕಡೆ ಕೆಳಗಿಳಿಯುತ್ತದೆ, ಮುಂದಿನ ಚಕ್ರ ಮಾತ್ರ ತನಗೆ ಸಂಬಂಧವೇ ಇಲ್ಲದ ಹಾಗೆ ನೆಟ್ಟಗಿರುತ್ತದೆ. ಸ್ವಲ್ಪ ಬಳುಕು ಹಳೇ ಸೈಕಲ್ಲಿನ ಗುಣವೇ. ಕೆಟ್ಟ ರಸ್ತೆಯಲ್ಲಿ ಕೈಗೆ ಹಿತವಾಗಿಯೂ ಇರುತ್ತದೆ. ಆದರೆ ತುಳಿತದ ಲಯಕ್ಕೆ ಸರಿಯಾಗಿ ಕಟ್ ಕಟ್ ಅನ್ನುತ್ತಾ ಹ್ಯಾಂಡಲ್ ತೊನೆದಾಡುತ್ತಿದ್ದರೆ ಸುಮ್ಮನೆ ಬಿಡಬಾರದು. ಅದು ಬರೀ ಬಳುಕೋ, ಎಲ್ಲೋ ಸಡಿಲವೋ, ಒಳಗೊಳಗೇ ಸೀಳು ಬಿಟ್ಟಿದೆಯೋ ಎಂದು ಕೂತಲ್ಲಿಂದ ಗೊತ್ತಾಗುವುದಿಲ್ಲ.

ನಾನು ಸೈಕಲ್ ಅಂಗಡಿಯವನಲ್ಲ. ಕಾರವಾರದ ಮೀನುಗಾರಿಕಾ ಬಂದರಿನ ಹತ್ತಿರ ಐಸ್ ಪ್ಲಾಂಟೊಂದರಲ್ಲಿ ಕಂಪ್ರೆಸರ್ ನೋಡಿಕೊಳ್ಳುವವನು. ಉಪ್ಪುಗಾಳಿಗೆ ಕಚ್ಚಿ ಕೂತ ಬೋಲ್ಟು, ಬಿಳಿ ಹುಡಿ ಹಿಡಿದ ಅಲ್ಯುಮಿನಿಯಂ, ಇವುಗಳ ಜೊತೆಗೇ ನನ್ನ ಹಗಲು ಕಳೆಯುವುದು. ಹಡಗಿನಲ್ಲಿ ಫಿಟ್ಟರ್ ಆಗಿದ್ದ ಸೋದರಮಾವ ಎಂಬತ್ತರ ದಶಕದಲ್ಲಿ ಕೋಬೆ ಬಂದರಿನಿಂದ ತಂದ ಮಿಯಾಟ ಸೈಕಲ್ ಈಗ ನನ್ನ ಹತ್ತಿರ ಇದೆ. ಈ ಕೆಲಸ ಅದರ ಮೇಲೆ ಮಾಡಿದ್ದು. ಶಿರಸಿಯ ಗೆಳೆಯನೊಬ್ಬನ ಪ್ಯೂಜೋ ಎಂಬ ಫ್ರೆಂಚ್ ಸೈಕಲ್ಲಿನ ಮೇಲೂ ಮಾಡಿದ್ದೇನೆ. ಅದರ ಕಥೆ ಬೇರೆ, ಮುಂದೆ ಬರುತ್ತದೆ.

ಹೆಚ್ಚಿನವರು ಹ್ಯಾಂಡಲ್ ಬಳುಕಿತು ಅಂದ ಕೂಡಲೇ ಫೋನ್ ತೆಗೆದು ಹೊಸ ಸ್ಟೆಮ್, ಅಂದರೆ ಮುಂದಿನ ಚಕ್ರ ಹಿಡಿದ ಫೋರ್ಕಿಗೆ ಹ್ಯಾಂಡಲ್ಲನ್ನು ಸೇರಿಸುವ ತುಂಡು, ಆರ್ಡರ್ ಮಾಡುತ್ತಾರೆ. ಮೊದಲು ಬಳುಕುವುದು ಯಾವುದು ಅಂತ ಹಿಡಿಯಬೇಕು. ಹಳೇ ಸ್ಟೆಮ್ಮಿಗೆ ಎರಡು ಭಾಗ. ಫೋರ್ಕಿನ ಕೊಳವೆಯೊಳಗೆ ಇಳಿಯುವ ಕೋಲು ಒಂದು, ಅಲ್ಲಿಂದ ಹ್ಯಾಂಡಲ್ಲಿನ ತನಕ ಚಾಚಿದ ಕತ್ತು ಇನ್ನೊಂದು. ಕೋಲು ಬಾಗಬಹುದು, ಕತ್ತು ತಿರುಚಬಹುದು, ಹ್ಯಾಂಡಲ್ ತಾನೇ ಬಗ್ಗಬಹುದು, ಫೋರ್ಕು ಫ್ರೇಮಿನೊಳಗೆ ತಿರುಗಲು ಇರುವ ಬೇರಿಂಗ್, ಅಂದರೆ ಹೆಡ್‌ಸೆಟ್, ಸಡಿಲ ಇರಬಹುದು. ಕೈಗೆ ನಾಲ್ಕೂ ಒಂದೇ ಥರ ಅನ್ನಿಸುತ್ತದೆ.

ಪರೀಕ್ಷೆಗೆ ಬೇಕಾದದ್ದೆಲ್ಲ ಮನೆಯಲ್ಲೇ ಇದೆ. ಸೈಕಲ್ಲನ್ನು ಕಿಟಕಿ ಪಕ್ಕ ನಿಲ್ಲಿಸಿ ಫ್ರೇಮಿನ ಮುಂಭಾಗವನ್ನೂ ಸೀಟಿನ ಕೊಳವೆಯನ್ನೂ ಕಿಟಕಿ ಸರಳಿಗೆ ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ. ಮುಂದಿನ ಚಕ್ರ ತಿರುಗದ ಹಾಗೆ ಎರಡೂ ಬದಿಗೆ ಒಂದೊಂದು ಚಿರೆಕಲ್ಲು ಒತ್ತಿ ಇಡಿ. ಹಿಡಿಯಿಂದ (ಪೊರಕೆಯಿಂದ) ನೆಟ್ಟಗಿನ ತೆಂಗಿನ ಕಡ್ಡಿ ಮೂರು ಎಳೆದುಕೊಂಡು ಒಂದೊಂದು ಅಡಿಗೆ ಕತ್ತರಿಸಿ. ಒಂದನ್ನು ಹೆಡ್‌ಸೆಟ್ಟಿನ ಮೇಲಿನ ಚೆಕ್‌ನಟ್ಟಿಗೆ, ಒಂದನ್ನು ಸ್ಟೆಮ್ಮಿನ ನೆತ್ತಿಗೆ ಬೋಲ್ಟಿನ ಪಕ್ಕದಲ್ಲಿ, ಒಂದನ್ನು ಹ್ಯಾಂಡಲ್ ಹಿಡಿದ ಕ್ಲ್ಯಾಂಪಿನ ಮುಂದೆ ಟೇಪ್ ಹಾಕಿ ನೆಟ್ಟಗೆ ಮೇಲ್ಮುಖ ನಿಲ್ಲಿಸಿ. ಹಿಂದೆ ರಟ್ಟಿಗೆ ಗ್ರಾಫ್ ಹಾಳೆ ಅಂಟಿಸಿ ಕಡ್ಡಿಗಳ ತುದಿ ಎಲ್ಲಿದೆ ಅಂತ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ. ಈಗ ಒಂದು ಬದಿಯ ಬ್ರೇಕ್ ಲಿವರಿನ ರಬ್ಬರಿಗೆ ಹತ್ತು ಲೀಟರ್ ನೀರು ತುಂಬಿದ ಕೊಡಪಾನ ನೇತುಹಾಕಿ. ಸ್ಟೆಮ್ ಅರ್ಧ ಡಿಗ್ರಿ ಓರೆಯಾದರೂ ಅಡಿಯುದ್ದದ ಕಡ್ಡಿಯ ತುದಿ ಎರಡೂವರೆ ಮಿಲಿಮೀಟರ್ ಸರಿಯುತ್ತದೆ, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ.

ಚೆಕ್‌ನಟ್ಟಿನ ಕಡ್ಡಿಯೇ ವಾಲಿದರೆ ದೋಷ ಹೆಡ್‌ಸೆಟ್ಟಿನಲ್ಲಿ ಅಥವಾ ಕಟ್ಟಿದ ಪಟ್ಟಿಯಲ್ಲಿ. ಅದು ನಿಂತು ನೆತ್ತಿಯ ಕಡ್ಡಿ ವಾಲಿದರೆ ಕೋಲು ಬಾಗುತ್ತಿದೆ, ಇಲ್ಲವೇ ಒಳಗೆ ಸರಿಯಾಗಿ ಕಚ್ಚಿಲ್ಲ. ನೆತ್ತಿಯದು ಅಲ್ಲಾಡದೆ ಕ್ಲ್ಯಾಂಪಿನದು ಮಾತ್ರ ವಾಲಿದರೆ ಕತ್ತು ತಿರುಚುತ್ತಿದೆ. ಮೂರೂ ಹೆಚ್ಚುಕಮ್ಮಿ ನೆಟ್ಟಗಿದ್ದು ಹ್ಯಾಂಡಲ್ಲಿನ ತುದಿ ಮಾತ್ರ ಇಳಿದರೆ ಸ್ಟೆಮ್ಮಿಗೆ ದುಡ್ಡು ಸುರಿದು ಪ್ರಯೋಜನ ಇಲ್ಲ, ಬಳುಕುತ್ತಿರುವುದು ಹ್ಯಾಂಡಲ್. ಕೊಡಪಾನ ಇಳಿಸಿದ ಮೇಲೆ ಕಡ್ಡಿಗಳು ಮೊದಲಿನ ಗುರುತಿಗೇ ಮರಳಬೇಕು. ಮರಳದಿದ್ದರೆ ಅದು ಬಳುಕಲ್ಲ, ಜಾರು. ಎಲ್ಲೋ ಸಡಿಲ ಇದೆ ಅಂತ ಅರ್ಥ. ಹಾಳೆಯನ್ನು ಎತ್ತಿಡಿ, ಕೆಲಸ ಮುಗಿದ ಮೇಲೆ ಮತ್ತೆ ಬೇಕು.

ಸಡಿಲವನ್ನು ಮೊದಲು ಮುಗಿಸಿ, ಖರ್ಚಿಲ್ಲದ ಕೆಲಸ. ಮುಂದಿನ ಬ್ರೇಕ್ ಹಿಡಿದು, ಇನ್ನೊಂದು ಕೈಯ ಬೆರಳನ್ನು ಹೆಡ್‌ಸೆಟ್ಟಿನ ಮೇಲಿನ ಕಪ್ಪು ಫ್ರೇಮಿಗೆ ಕೂಡುವಲ್ಲಿ ಇಟ್ಟು ಸೈಕಲ್ ಹಿಂದೆಮುಂದೆ ತೂಗಿ. ಬೆರಳಿಗೆ ಟಕ್ ಅಂತ ತಗುಲಿದರೆ ಹೆಡ್‌ಸೆಟ್ ಬಿಗಿ ಮಾಡಬೇಕು. ಬ್ರೇಕಿನ ಸಡಿಲವೂ ಟಕ್ ಅನ್ನುತ್ತದೆ, ಅದಕ್ಕೇ ಬೆರಳು ಕಪ್ಪಿನ ಮೇಲೆಯೇ ಇರಲಿ. 32ರ ಸ್ಪ್ಯಾನರಿನಿಂದ ಚೆಕ್‌ನಟ್ ಬಿಚ್ಚಿ, ಅದರ ಕೆಳಗೇ ಇರುವ ಮೇಲಿನ ಕಪ್ಪನ್ನು ಕೈಯಲ್ಲೇ ತಿರುಗಿಸಿ ಸಡಿಲ ತೆಗೆದು, ಅದನ್ನು ತೆಳು ಸ್ಪ್ಯಾನರಿನಲ್ಲಿ ಹಿಡಿದುಕೊಂಡು ಚೆಕ್‌ನಟ್ ಬಿಗಿಯಿರಿ. ಮುಂದಿನ ಚಕ್ರ ಎತ್ತಿದರೆ ಹ್ಯಾಂಡಲ್ ತನ್ನಷ್ಟಕ್ಕೆ ಎಡಬಲ ಬೀಳಬೇಕು. ನಡುವೆ ಖಾಚಿಗೆ ಬಿದ್ದ ಹಾಗೆ ನಿಂತರೆ ಬಾಲ್ ರೇಸ್ ತಿಂದುಹೋಗಿದೆ, ಬದಲಾಯಿಸಿ.

ಇನ್ನು ಸ್ಟೆಮ್ ಹೊರತೆಗೆಯುವ ಕೆಲಸ. ಘಟ್ಟದ ಮೇಲಿನವರಿಗೆ ಇದು ಐದು ನಿಮಿಷದ್ದು. ನಮ್ಮ ಕರಾವಳಿಯಲ್ಲಿ ಇಡೀ ಕೆಲಸದ ಅರ್ಧ ಇದೇ.

ಕೋಲು ಅಲ್ಯುಮಿನಿಯಂ, ಫೋರ್ಕಿನ ಕೊಳವೆ ಉಕ್ಕು. ನಡುವೆ ಉಪ್ಪಿನ ತೇವ ಸೇರಿದರೆ ಅದೊಂದು ಬ್ಯಾಟರಿಯೇ ಆಗಿಬಿಡುತ್ತದೆ. ಸವೆಯುವುದು ಅಲ್ಯುಮಿನಿಯಂ. ಸವೆದದ್ದು ಬಿಳಿ ಹುಡಿಯಾಗಿ ಉಬ್ಬಿ ಕೋಲನ್ನು ಕೊಳವೆಗೆ ಕಚ್ಚಿಸಿಬಿಡುತ್ತದೆ. ಬೈತಖೋಲ್ ಕಡೆ ಮನೆ ಇದ್ದು ವರ್ಷಗಟ್ಟಲೆ ಗ್ರೀಸ್ ಕಾಣದ ಸೈಕಲ್ ಆದರೆ ಕಚ್ಚಿದೆ ಅಂತಲೇ ತಿಳಿದು ಶುರು ಮಾಡಿ.

ನೆತ್ತಿಯ ಬೋಲ್ಟನ್ನು 6ರ ಅಲೆನ್ ಕೀಯಿಂದ ಐದಾರು ಸುತ್ತು ಬಿಚ್ಚಿ, ಪೂರ್ತಿ ತೆಗೆಯಬೇಡಿ. ಬೋಲ್ಟಿನ ತಲೆ ಮೇಲೆದ್ದಿರುತ್ತದೆ. ಅದರ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ನೇರ ಒಂದು ಪೆಟ್ಟು ಕೊಡಿ. ಕೋಲಿನ ಬುಡದಲ್ಲಿ ಒಂದು ಬೆಣೆ ಇರುತ್ತದೆ, ಬೋಲ್ಟು ಅದನ್ನು ಮೇಲಕ್ಕೆಳೆದು ಕೋಲನ್ನು ಕೊಳವೆಗೆ ಕಚ್ಚಿಸುತ್ತದೆ. ಆ ಬೆಣೆ ಬಿಟ್ಟುಕೊಂಡರೆ ತಲೆ ಕೆಳಗಿಳಿದು ಕೂರುತ್ತದೆ. ಬೆಣೆ ಬಿಟ್ಟಿತು ಅಂದ ಮಾತ್ರಕ್ಕೆ ಸ್ಟೆಮ್ ಬಿಟ್ಟಿತು ಅಂತ ಅಲ್ಲ. ಚಕ್ರ ಮೊಣಕಾಲ ನಡುವೆ ಇಟ್ಟು ಹ್ಯಾಂಡಲ್ ಮೆಲ್ಲಗೆ ಎಡಬಲ ತಿರುಗಿಸಿ. ತಿರುಗಿದರೆ ತಿರುಗಿಸುತ್ತಲೇ ಮೇಲಕ್ಕೆಳೆಯಿರಿ. ತಿರುಗದಿದ್ದರೆ ಬಲ ಹಾಕಲು ಹೋಗಬೇಡಿ, ಫೋರ್ಕಿನ ಕಾಲು ಸೊಟ್ಟಗಾಗುತ್ತದೆ.

ಆಗ ಸೈಕಲ್ ತಲೆಕೆಳಗು ಮಾಡಿ, ಮುಂದಿನ ಬ್ರೇಕ್ ಕಳಚಿ, ಫೋರ್ಕಿನ ಬುಡದ ತೂತಿನಿಂದ ತುಕ್ಕು ಬಿಡಿಸುವ ಎಣ್ಣೆ ಸುರಿಯಿರಿ. ರಾತ್ರಿ ಹಾಗೇ ಇರಲಿ. ಬೆಳಿಗ್ಗೆ ನೆಟ್ಟಗೆ ನಿಲ್ಲಿಸಿ ಮೇಲಿನಿಂದಲೂ ಬಿಡಿ. ಇಷ್ಟಕ್ಕೂ ಜಗ್ಗದಿದ್ದರೆ ಐಸ್. ಬಿಸಿ ತಾಗಿದಾಗ ಹಿಗ್ಗುವುದು, ತಣ್ಣಗಾದಾಗ ಕುಗ್ಗುವುದು ಅಲ್ಯುಮಿನಿಯಂನಲ್ಲಿ ಉಕ್ಕಿನ ಸುಮಾರು ಎರಡರಷ್ಟು. ಬೋಲ್ಟ್ ಪೂರ್ತಿ ತೆಗೆದರೆ ಕೋಲಿನ ಒಳಗೆ ಟೊಳ್ಳು ಕಾಣುತ್ತದೆ. ಅದರೊಳಗೆ ಜಜ್ಜಿದ ಐಸ್ ತುಂಬಿ, ಕತ್ತಿನ ಸುತ್ತ ಗೋಣಿಚೀಲದಲ್ಲಿ ಐಸ್ ಕಟ್ಟಿ ಹತ್ತು ನಿಮಿಷ ಬಿಡಿ. ಆಮೇಲೆ ಫ್ರೇಮಿನ ಮುಂಭಾಗಕ್ಕೆ ಮಾತ್ರ ಬಿಸಿನೀರು ಹೊಯ್ಯುತ್ತಾ ತಿರುಗಿಸಿ. ಸಿಗುವ ಸಂದು ಕೂದಲೆಳೆಗಿಂತ ಕಡಿಮೆಯೇ, ಆದರೆ ಕಚ್ಚಿದ ಹುಡಿ ಬಿರುಕು ಬಿಡಲು ಅಷ್ಟು ಸಾಕು. ಕಟಕ್ ಅನ್ನುವ ಸದ್ದು ಬರುತ್ತದೆ, ಆಮೇಲೆ ಸಲೀಸು. ಐಸಿಗೆ ಉಪ್ಪು ಹಾಕಿದರೆ ಇನ್ನೂ ತಣ್ಣಗಾಗುತ್ತದಲ್ಲ ಅಂತ ಬಂದರಿನ ಹುಡುಗರು ಕೇಳುತ್ತಾರೆ. ಉಪ್ಪಿನಿಂದಲೇ ಕೆಟ್ಟದ್ದಕ್ಕೆ ಮತ್ತೆ ಉಪ್ಪು ತಿನ್ನಿಸುವುದು ಬೇಡ. ಅಮೋನಿಯಾ ಸುರಿಯಿರಿ ಅಂತ ಹೇಳುವವರೂ ಉಂಟು. ನಾನು ದಿನಾ ಅಮೋನಿಯಾ ಪಕ್ಕದಲ್ಲಿ ನಿಲ್ಲುವವನು. ಮನೆಯಲ್ಲಿ ಅದರ ತಂಟೆಗೆ ಹೋಗಬೇಡಿ ಅಂತಷ್ಟೇ ಹೇಳುತ್ತೇನೆ. ಕಾಸ್ಟಿಕ್ ಸೋಡಾ ಅಂತೂ ಅಲ್ಯುಮಿನಿಯಂನ್ನೇ ಕರಗಿಸುತ್ತದೆ, ಕಣ್ಣಿಗೆ ಹಾರಿದರೆ ಕಣ್ಣು ಹೋಯಿತು.

ಸ್ಟೆಮ್ ಕೈಗೆ ಬಂದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು ಬಿರುಕು ಹುಡುಕಿ. ನೋಡುವ ಜಾಗ ಎರಡು: ಕ್ಲ್ಯಾಂಪಿನ ಅಡಿಭಾಗ, ಕೋಲಿನ ಬುಡ. ಬುಡದಲ್ಲಿ ಶಂಕುವಿನ ಆಕಾರದ ಬೆಣೆ ಇರುವ ಮಾದರಿಗೆ ಕೋಲಿನಲ್ಲಿ ಸೀಳು ಕೊಯ್ದಿರುತ್ತಾರೆ, ಆ ಸೀಳಿನ ತುದಿಯಿಂದಲೇ ಬಿರುಕು ಮೇಲೇರುವುದು. ಓರೆಯಾಗಿ ಕತ್ತರಿಸಿದ ಬೆಣೆಯ ಮಾದರಿಯಲ್ಲಿ ಆ ಭಯ ಕಡಿಮೆ, ಕೊಳ್ಳುವಾಗ ಅದನ್ನೇ ಆರಿಸಿ. ಕಣ್ಣಿಗೆ ಕಾಣದ ಬಿರುಕಿಗೆ ರೈಲ್ವೆ ವರ್ಕ್‌ಶಾಪುಗಳ ಹಳೇ ಉಪಾಯ ಇದೆ. ಸೀಮೆಎಣ್ಣೆಯಲ್ಲಿ ಗಂಟೆಗಟ್ಟಲೆ ನೆನೆಸಿ, ಚೆನ್ನಾಗಿ ಒರೆಸಿ, ಮೇಲೆ ಚಾಕ್‌ಪೀಸಿನ ಹುಡಿ ಉದುರಿಸಿ ಬಿಡಿ. ಬಿರುಕಿದ್ದರೆ ಒಳಗಿನ ಎಣ್ಣೆ ಹುಡಿಗೆ ಏರಿ ಕಪ್ಪು ಗೆರೆ ಮೂಡುತ್ತದೆ. ಗೆರೆ ಕಂಡರೆ ಆ ಸ್ಟೆಮ್ ಗುಜರಿಗೆ. ಯಾರಿಗೂ ಮಾರಬೇಡಿ, ದಾನವೂ ಮಾಡಬೇಡಿ.

ಕೊಳ್ಳುವ ಮೊದಲು ವರ್ನಿಯರ್ ಹಿಡಿಯಿರಿ. ಸ್ವಂತದ್ದು ಇಲ್ಲದಿದ್ದರೆ ಹತ್ತಿರದ ಲೇತ್ ಅಂಗಡಿಯಲ್ಲಿ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಇಂಚಿನ ಫೋರ್ಕಿಗೆ ಇಳಿಯುವ ಕೋಲು 22.2 ಮಿಲಿಮೀಟರ್. ಜಪಾನು, ಇಂಗ್ಲೆಂಡು, ಇಟಲಿಯ ಹೆಚ್ಚಿನ ರೇಸ್ ಸೈಕಲ್ಲುಗಳಿಗೆ ಇದೇ. ಹಳೇ ಫ್ರೆಂಚ್ ಸೈಕಲ್ಲುಗಳಲ್ಲಿ 22.0. ಶಿರಸಿಯ ಗೆಳೆಯ ಹೊಸ ಸ್ಟೆಮ್ ತರಿಸಿಕೊಂಡು ಫೋನ್ ಮಾಡಿದ್ದು ಇದಕ್ಕೇ.

"ಎಂತ ಮಾರಾಯ, ಇದು ಒಳಗೆ ಹೋಗೂದೇ ಇಲ್ಲ ಅಲಾ. ಸುತ್ತಿಗೆಲಿ ಒಂದು ಕೊಡ್ಲಾ?"

"ಸುತ್ತಿಗೆ ಕೆಳಗಿಡು ಮಾರಾಯ. ನಿಂದು ಪ್ಯೂಜೋ ಹೌದಾ ಅಲ್ವಾ? ಅದ್ರ ಅಳತೆಯೇ ಬೇರೆ."

0.2 ಮಿಲಿಮೀಟರ್ ಅಷ್ಟೇ ವ್ಯತ್ಯಾಸ. ಹೊಡೆದು ಇಳಿಸಿದರೆ ಮತ್ತೆ ಹೊರಗೆ ಬರುವ ಮಾತಿಲ್ಲ. ಒಳಗಿಳಿಯುವಷ್ಟು ಭಾಗಕ್ಕೆ ನುಣುಪು ಎಮರಿ ಕಾಗದ ಸುತ್ತಿ, ಲೇತಿನಲ್ಲಿ ಸಿಕ್ಕಿಸಿ ತಿರುಗಿಸುತ್ತಾ, ಆಗಾಗ ಅಳೆಯುತ್ತಾ ಇಳಿಸಬೇಕು. ಕೈಯಲ್ಲೂ ಮಾಡಬಹುದು, ಅರ್ಧ ದಿನ ಹೋಗುತ್ತದೆ. ಉದ್ದಕ್ಕೆ ಉಜ್ಜಿ ಬರೆ ಬಿಡಬೇಡಿ, ಅಡ್ಡಬರೆಯಂತೂ ಬೇಡವೇ ಬೇಡ. ಬಿರುಕು ಹುಟ್ಟುವುದು ಬರೆಯಲ್ಲೇ. ಕೊನೆಗೆ ಕನ್ನಡಿಯಷ್ಟು ನುಣುಪಾಗಿರಲಿ.

ಹ್ಯಾಂಡಲ್ ಹಿಡಿಯುವ ಕ್ಲ್ಯಾಂಪಿನ ಅಳತೆಯಲ್ಲಿ ಗೊಂದಲ ಇನ್ನೂ ಹೆಚ್ಚು. ಎಂಬತ್ತರ ದಶಕದ ಜಪಾನಿ ಸೈಕಲ್ಲುಗಳಲ್ಲಿ ಬಹಳ ಕಡೆ 25.4, ಇಟಲಿಯದ್ದು 26.0, ಅಲ್ಲಿಯದೇ ಚಿನೆಲ್ಲಿ ಕಂಪನಿಯ ಹಳೇದು 26.4, ಹಳೇ ಫ್ರೆಂಚ್ 25.0, ಈಗಿನ ಹೊಸ ಹ್ಯಾಂಡಲ್ಲುಗಳು 31.8. ನನ್ನ ಮಿಯಾಟದ ಸ್ಟೆಮ್ ಎಸ್‌ಆರ್ ಕಂಪನಿಯದು, 25.4. 26.0ರ ಕ್ಲ್ಯಾಂಪಿಗೆ 25.4ರ ಹ್ಯಾಂಡಲ್ ಹಾಕಿ ನಡುವೆ ಬಿಯರ್ ಡಬ್ಬಿಯ ತಗಡು ಕತ್ತರಿಸಿ ತುರುಕುವ ಚಾಳಿ ಇದೆ. ಗೋವಾ ಗಡಿ ಪಕ್ಕದಲ್ಲೇ ಇರುವ ನಮಗೆ ಡಬ್ಬಿಗೇನೂ ಬರ ಇಲ್ಲ. ಆದರೆ ಆ ತಗಡು ಸುಮಾರು 0.1 ಮಿಲಿಮೀಟರ್ ದಪ್ಪ. ತುಂಬಬೇಕಾದ ಸಂದು ಬದಿಗೆ 0.3. ಮೂರು ಪದರ ಸುತ್ತಿದರೆ ಪದರಗಳು ಒಂದರ ಮೇಲೊಂದು ಜಾರುತ್ತವೆ, ಕಟ್ ಕಟ್ ಅಲ್ಲಿಂದಲೇ ಶುರು. ಬಿಗಿ ಹುಡುಕಿ ಹೊರಟವರು ಹೀಗೆ ಪದರ ತುರುಕಬಾರದು. ಅಳತೆ ಸರಿಹೊಂದುವ ಜೋಡಿಯನ್ನೇ ತನ್ನಿ.

ಯಾವ ಸ್ಟೆಮ್ ತರಬೇಕು ಅನ್ನುವಲ್ಲಿ ಜನ ಮೋಸ ಹೋಗುವುದು ಲೋಹದ ಹೆಸರಿಗೆ. 7075 ಅಂತ ಬರೆದದ್ದು 6061ಕ್ಕಿಂತ ಬಲ ಹೆಚ್ಚು, ನಿಜ. ಮುರಿಯಲು ಹೆಚ್ಚು ಭಾರ ಬೇಕು ಅಂತ ಅದರ ಅರ್ಥ. ಕಡಿಮೆ ಬಳುಕುತ್ತದೆ ಅಂತ ಅಲ್ಲ. ಅಲ್ಯುಮಿನಿಯಂನ ಎಲ್ಲ ಮಿಶ್ರಲೋಹಗಳೂ ಬಳುಕಿನಲ್ಲಿ ಹೆಚ್ಚುಕಮ್ಮಿ ಒಂದೇ. ಉಕ್ಕು ಮಾತ್ರ ಅದೇ ಗಾತ್ರಕ್ಕೆ ಸುಮಾರು ಮೂರು ಪಟ್ಟು ಗಟ್ಟಿ ನಿಲ್ಲುತ್ತದೆ. ಜಪಾನಿನ ಕೇಯಿರಿನ್ ಎಂಬ ಟ್ರ್ಯಾಕ್ ಸೈಕಲ್ ಪಂದ್ಯದ ಸವಾರರು ಉಕ್ಕಿನ ಸ್ಟೆಮ್ಮು, ಉಕ್ಕಿನ ಹ್ಯಾಂಡಲ್ಲು ಹಿಡಿದದ್ದು ಸುಮ್ಮನೆ ಅಲ್ಲ. ಅಲ್ಯುಮಿನಿಯಂ ಸ್ಟೆಮ್ ಮಾಡುವವರು ಈ ಕೊರತೆಯನ್ನು ಮೈ ದಪ್ಪ ಮಾಡಿ ತುಂಬಿಕೊಳ್ಳುತ್ತಾರೆ. ಆದ್ದರಿಂದ ಕೈಗೆತ್ತಿಕೊಂಡಾಗ ಹೆಸರಿಗಿಂತ ಮೊದಲು ಕತ್ತಿನ ದಪ್ಪ ನೋಡಿ. ಅಂದಕ್ಕಾಗಿ ನಡುವೆ ಸಣಕಲು ಮಾಡಿದ, ಬದಿಯಲ್ಲಿ ಕಾಲುವೆ ಕೊರೆದ ಸ್ಟೆಮ್ ಬಿಟ್ಟುಬಿಡಿ.

ನಮ್ಮೂರ ಸೈಕಲ್ ಅಂಗಡಿಯಲ್ಲಿ ರೇಂಜರ್ ಮಾದರಿಯ ಸೈಕಲ್ಲಿಗೆ ಬರುವ ವೆಲ್ಡ್ ಮಾಡಿದ ಉಕ್ಕಿನ ಸ್ಟೆಮ್ ಸಿಗುತ್ತದೆ. ವರ್ನಿಯರಿನಲ್ಲಿ 22.2 ಮತ್ತು 25.4 ಬಂದರೆ ಹಾಕಿ ನೋಡಬಹುದು. ಚಂದ ಇಲ್ಲ, ಕತ್ತು ಗಿಡ್ಡ, ಮೂತಿ ಮೇಲಕ್ಕೆ. ಬಗ್ಗಲಾರದ ನಡುವಯಸ್ಸಿನವರಿಗೆ ಅದೇ ವರ.

ಉದ್ದ ಮತ್ತು ಎತ್ತರದ ಲೆಕ್ಕ ಎಲ್ಲಕ್ಕಿಂತ ಮುಖ್ಯ, ಇದನ್ನು ಯಾರೂ ಹೇಳುವುದಿಲ್ಲ. ಎದ್ದು ತುಳಿಯುವಾಗ ಒಂದು ಕೈ ಎಳೆದು ಇನ್ನೊಂದು ಕೈ ಒತ್ತುವುದರಿಂದ ಕತ್ತು ಬಟ್ಟೆ ಹಿಂಡಿದ ಹಾಗೆ ತಿರುಚುತ್ತದೆ. ಈ ತಿರುಚು ಕತ್ತಿನ ಉದ್ದಕ್ಕೆ ನೇರ ಲೆಕ್ಕದಲ್ಲಿ ಇರುತ್ತದೆ. 120 ಮಿಲಿಮೀಟರಿನಿಂದ 100ಕ್ಕೆ ಬಂದರೆ ಆರರಲ್ಲಿ ಒಂದು ಪಾಲು ತಿರುಚು ಕಡಿಮೆ. ಬ್ರೇಕ್ ಹಿಡಿದು ಎರಡೂ ಕೈ ಒಟ್ಟಿಗೆ ಕೆಳಗೊತ್ತಿದಾಗ ಕತ್ತು ಬಾಗುವ ಲೆಕ್ಕ ಬೇರೆ, ಉದ್ದದ ಮೂರನೇ ಘಾತ. ಅಲ್ಲಿ ಅದೇ 20 ಮಿಲಿಮೀಟರಿಗೆ ಬಾಗು ಹತ್ತಿರ ಹತ್ತಿರ ಶೇಕಡಾ 40 ಇಳಿಯುತ್ತದೆ. ಕೋಲು ಹೊರಗೆ ಎಷ್ಟು ಎದ್ದಿದೆ ಅನ್ನುವುದಕ್ಕೂ ಇದೇ ಮಾತು. ನಿಟ್ಟೊ ಕಂಪನಿಯ ಟೆಕ್ನೊಮಿಕ್ ಥರದ ಎತ್ತರದ ಸ್ಟೆಮ್ಮನ್ನು ಪೂರ್ತಿ ಮೇಲೆತ್ತಿ ಬಳುಕುತ್ತದೆ ಅಂದರೆ ಬಳುಕದೆ ಇನ್ನೇನು? 22.2ರ ಕೋಲು ಅಷ್ಟುದ್ದ ಹೊರಗಿದ್ದರೆ ಯಾವ ಕಂಪನಿಯದಾದರೂ ಬಾಗುತ್ತದೆ. ಎರಡು ಬೆರಳಷ್ಟು ಕೆಳಗಿಳಿಸಿ ಮತ್ತೆ ಕೊಡಪಾನ ನೇತುಹಾಕಿ ನೋಡಿ, ಬಿಡಿಗಾಸು ಖರ್ಚಿಲ್ಲದೆ ಕಡ್ಡಿಯ ಓಲಾಟ ಕಡಿಮೆಯಾಗಿರುತ್ತದೆ. ಆದರೆ ಬೆನ್ನು ಒಪ್ಪುವಷ್ಟೇ ಇಳಿಸಿ. ಕತ್ತು ಗಿಡ್ಡ ಮಾಡಿದರೆ ಸೈಕಲ್ ತಿರುಗುವ ಗುಣವೂ ಬದಲಾಗುತ್ತದೆ, ಹ್ಯಾಂಡಲ್ ಚುರುಕಾಗುತ್ತದೆ. ಇಳಿಜಾರಿನಲ್ಲಿ ಮೊದಲ ಸಲ ಹುಷಾರು.

ಈಗ ಅಡಾಪ್ಟರ್ ವಿಷಯ. 1990ರ ದಶಕದ ಆರಂಭದಲ್ಲಿ ಡಯಾ-ಕಾಂಪೆ ಕಂಪನಿಯ ಅಹೆಡ್‌ಸೆಟ್ ಎಂಬ ಹೊಸ ಬಗೆಯ ಹೆಡ್‌ಸೆಟ್ ಬಂದ ಮೇಲೆ ಸ್ಟೆಮ್ ಫೋರ್ಕಿನ ಕೊಳವೆಯ ಒಳಗಿಳಿಯುವುದು ಬಿಟ್ಟು ಹೊರಗಿನಿಂದ ತಬ್ಬಿ ಹಿಡಿಯುವ ಕಾಲ ಶುರುವಾಯಿತು. ಹಳೇ ಫೋರ್ಕಿಗೆ ಹೊಸ ಸ್ಟೆಮ್ ಹಾಕಲು ಕೆಳಗೆ 22.2, ಮೇಲೆ 28.6 ಇರುವ ಅಡಾಪ್ಟರ್ ಸಿಗುತ್ತದೆ. ಅದಕ್ಕೆ ನಾಲ್ಕು ಬೋಲ್ಟಿನ ಮುಖದ, 31.8ರ ಸ್ಟೆಮ್ ಹಾಕಿದರೆ ಕತ್ತಿನ ಬಳುಕು ಬಹುತೇಕ ಮಾಯ. ಒಂದೇ ದಪ್ಪದ ಗೋಡೆಯ ಕೊಳವೆಗೆ ಅಡ್ಡಳತೆ 22.2ರಿಂದ 28.6ಕ್ಕೆ ಏರಿದರೆ ಗಟ್ಟಿತನ ಎರಡು ಪಟ್ಟಿಗಿಂತ ಹೆಚ್ಚುತ್ತದೆ. ಹ್ಯಾಂಡಲ್ ನಡುಭಾಗ 25.4ರಿಂದ 31.8 ಆದರೆ ಅಲ್ಲೂ ಹತ್ತಿರ ಹತ್ತಿರ ಎರಡು ಪಟ್ಟು. 25.4ರಿಂದ 26.0ಕ್ಕೆ ಹೋದರೆ ಮಾತ್ರ ಸಿಗುವುದು ಶೇಕಡಾ 7ರಷ್ಟು, ಅಷ್ಟಕ್ಕಾಗಿ ಒಳ್ಳೇ ಜೋಡಿ ಕೆಡಿಸಬೇಡಿ.

ಆದರೆ ಅಡಾಪ್ಟರಿನ ಬುಡ ಅದೇ 22.2. ಮೇಲೆ ಎಷ್ಟು ದಪ್ಪ ಮಾಡಿದರೂ ಫೋರ್ಕಿನಿಂದ ಹೊರಬರುವ ಆ ತೆಳು ಜಾಗ ಅಲ್ಲೇ ಇರುತ್ತದೆ. ಆದ್ದರಿಂದ ಅಡಾಪ್ಟರ್ ಹಾಕುವವರು ಅದರ ದಪ್ಪ ಭಾಗ ಚೆಕ್‌ನಟ್ಟಿನ ಮೇಲೆ ಕೂರುವಷ್ಟು ಕೆಳಗಿಳಿಸಬೇಕು. ನಡುವೆ ತೆಳು ಕೋಲು ಎರಡಿಂಚು ಕಾಣುತ್ತಿದ್ದರೆ ಹಾಕಿದ ದುಡ್ಡಿನಲ್ಲಿ ಅರ್ಧ ಅಲ್ಲೇ ಬಳುಕಿ ಹೋಗುತ್ತದೆ. ಪೂರ್ತಿ ಗುಣ ಬೇಕಾದವರು ಫೋರ್ಕನ್ನೇ ಬದಲಾಯಿಸಬೇಕು. ಆ ಹಣಕ್ಕೆ ನಮ್ಮ ಕಡೆ ಇನ್ನೊಂದು ಹಳೇ ಸೈಕಲ್ ಬರುತ್ತದೆ. ನನ್ನ ಮಿಯಾಟಕ್ಕೆ ಅಡಾಪ್ಟರ್ ಹಾಕಿಲ್ಲ. ಆ ಸಪೂರ ಫ್ರೇಮಿನ ಮೇಲೆ ಕಪ್ಪು ದಪ್ಪ ಸ್ಟೆಮ್ ಕೂತರೆ ಕಣ್ಣಿಗೆ ಹಿಡಿಸುವುದಿಲ್ಲ. ನಾನು ಹಾಕಿದ್ದು ಕತ್ತು ದಪ್ಪ ಇರುವ, ಮೊದಲಿನದಕ್ಕಿಂತ ಗಿಡ್ಡದ ನಿಟ್ಟೊ ಸ್ಟೆಮ್. ಕೊಡಪಾನದ ಪರೀಕ್ಷೆಯಲ್ಲಿ ಕ್ಲ್ಯಾಂಪಿನ ಕಡ್ಡಿ ಮೊದಲಿನ ಮೂರರಲ್ಲಿ ಎರಡು ಪಾಲು ಮಾತ್ರ ಸರಿಯಿತು. ನನಗೆ ಅಷ್ಟು ಸಾಕು. ಗೆಳೆಯ ದೇವಿಮನೆ ಘಟ್ಟ ಹತ್ತಿಳಿಯುವವನು, ನನಗಿಂತ ಇಪ್ಪತ್ತು ಕಿಲೋ ಹೆಚ್ಚು ಇದ್ದಾನೆ. ಅವನಿಗೆ ಅಡಾಪ್ಟರೇ ಸರಿ ಅಂದೆ, ಬುಡವನ್ನು 22.0ಕ್ಕೆ ಇಳಿಸಿ ಹಾಕಿಕೊಂಡ.

ಹ್ಯಾಂಡಲ್ ಬಿಚ್ಚುವ ವಿಷಯ ಬೇಗ ಮುಗಿಸುತ್ತೇನೆ. ಹಳೇ ಸ್ಟೆಮ್ಮಿನ ಕ್ಲ್ಯಾಂಪ್ ಬಿಚ್ಚಿಕೊಳ್ಳುವುದಿಲ್ಲ, ಹ್ಯಾಂಡಲ್ಲನ್ನು ಒಂದು ಬದಿಯ ಟೇಪು, ಬ್ರೇಕ್ ಲಿವರು ತೆಗೆದು ಸುತ್ತಿ ಸುತ್ತಿ ಹೊರಗೆಳೆಯಬೇಕು. ಗೀರು ಬೀಳುವುದಾದರೆ ಕ್ಲ್ಯಾಂಪಿನ ಬೋಲ್ಟನ್ನು ಪೂರ್ತಿ ತೆಗೆದು, ಸೀಳಿನಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು, ಬೋಲ್ಟನ್ನು ಮರೆ (ಥ್ರೆಡ್) ಇರುವ ಕಡೆಯಿಂದ ಹಿಂದುಮುಂದಾಗಿ ಹಾಕಿ ತಿರುಗಿಸಿ. ಬೋಲ್ಟು ನಾಣ್ಯಕ್ಕೆ ಒತ್ತಿ ಸೀಳು ಕೂದಲಷ್ಟು ಅಗಲವಾಗುತ್ತದೆ. ಅದಕ್ಕಿಂತ ಹೆಚ್ಚು ಬೇಡ. ಎಷ್ಟೋ ಹಳೇ ಹ್ಯಾಂಡಲ್ಲುಗಳ ನಡುವಿಗೆ ಮೇಲಿನಿಂದ ಒತ್ತಿ ಕೂರಿಸಿದ ಗಿಡ್ಡ ಕೊಳವೆ ಇರುತ್ತದೆ. ಅದನ್ನು ಕೈಯಲ್ಲಿ ಹಿಂಡಿ ತಿರುಗಿಸಿ ನೋಡಿ, ಜರುಗಿದರೆ ಇಡೀ ಸದ್ದಿಗೆ ಕಾರಣ ಅದೇ. ಅಂಥ ಹ್ಯಾಂಡಲ್ ಬದಲಾಯಿಸಿ.

ಕೂರಿಸುವಾಗ ಕೋಲಿಗೂ ಬೆಣೆಗೂ ಬೋಲ್ಟಿನ ಮರೆಗೂ ಬೋಲ್ಟಿನ ತಲೆಯ ಅಡಿಗೂ ಧಾರಾಳ ಗ್ರೀಸ್ ಹಚ್ಚಿ. ದೋಣಿಯ ಎಂಜಿನ್ನಿಗೆ ಬಳಸುವ, ನೀರಿಗೆ ತೊಳೆದು ಹೋಗದ ಗ್ರೀಸ್ ಬಂದರಿನ ಸ್ಪೇರ್ ಪಾರ್ಟ್ ಅಂಗಡಿಗಳಲ್ಲಿ ಸಿಗುತ್ತದೆ, ಅದೇ ಒಳ್ಳೆಯದು. ಹ್ಯಾಂಡಲ್ ಕೂರುವ ಕ್ಲ್ಯಾಂಪಿನ ಒಳಗೆ ಮಾತ್ರ ಒಣಗಿರಲಿ. ಕೋಲಿನ ಮೇಲೆ ಕನಿಷ್ಠ ಇಳಿತದ ಗೆರೆ ಇರುತ್ತದೆ, ಅದು ಚೆಕ್‌ನಟ್ಟಿನ ಒಳಗೆ ಮುಳುಗಿರಲೇಬೇಕು. ಗೆರೆ ಅಳಿಸಿದ್ದರೆ 65 ಮಿಲಿಮೀಟರ್ ಒಳಗಿರಲಿ. ಇದರ ಜೊತೆ ಇನ್ನೊಂದು ನೋಡಬೇಕು: ಫೋರ್ಕಿನ ಕೊಳವೆಯ ಹೊರಮರೆ ಎಲ್ಲಿಗೆ ಮುಗಿಯುತ್ತದೆ ಅಂತ ಅಳೆದುಕೊಳ್ಳಿ. ಬೆಣೆ ಅದಕ್ಕಿಂತ ಕೆಳಗೆ ಕಚ್ಚಬೇಕು. ಮರೆ ಕೊಯ್ದ ಜಾಗದಲ್ಲಿ ಗೋಡೆ ತೆಳು, ಬೆಣೆ ಅಲ್ಲಿ ಒತ್ತಿದರೆ ಕೊಳವೆ ಉಬ್ಬುತ್ತದೆ, ಸೀಳಲೂಬಹುದು. ತೀರಾ ಕೆಳಗೂ ಇಳಿಸಬಾರದು, ಕೆಲವು ಕೊಳವೆಗಳ ಒಳಗೋಡೆ ಬುಡದ ಕಡೆ ದಪ್ಪವಾಗುತ್ತಾ ಹೋಗುತ್ತದೆ. ಕೋಲು ಬಿಗಿಯಾಗತೊಡಗಿದರೆ ಅಲ್ಲಿಗೆ ನಿಲ್ಲಿಸಿ.

ನೆತ್ತಿಯ ಬೋಲ್ಟು ಎಷ್ಟು ಬಿಗಿಯಬೇಕು? ಟಾರ್ಕ್ ಸ್ಪ್ಯಾನರ್ ಇದ್ದರೆ 18ರಿಂದ 20 ನ್ಯೂಟನ್ ಮೀಟರ್ ಸಾಕು. ಬೋಲ್ಟ್ ಬಿಗಿದಷ್ಟೂ ಬಳುಕು ಕಡಿಮೆ ಅನ್ನುವುದು ಸುಳ್ಳು. ಜಾರದಷ್ಟು ಕಚ್ಚಿದ ಮೇಲೆ ಮುಂದಿನದೆಲ್ಲ ಕೊಳವೆಯನ್ನು ಉಬ್ಬಿಸುವ ಕೆಲಸ ಅಷ್ಟೇ. ಚಕ್ರ ಮೊಣಕಾಲ ನಡುವೆ ಹಿಡಿದು ಹ್ಯಾಂಡಲ್ ತಿರುಗಿಸಿದರೆ ಸಾಧಾರಣ ಬಲಕ್ಕೆ ಜಾರಬಾರದು, ಬಿದ್ದಾಗಿನಂಥ ಬಲಕ್ಕೆ ಜಾರಬೇಕು. ನಾಲ್ಕು ಬೋಲ್ಟಿನ ಮುಖದ ಸ್ಟೆಮ್ ಆದರೆ ಅದರ ಮೇಲೇ ಅಂಕಿ ಬರೆದಿರುತ್ತದೆ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು. ನಾಲ್ಕನ್ನೂ ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಮೇಲಿನ ಸಂದೂ ಕೆಳಗಿನ ಸಂದೂ ಸಮ ಇರಲಿ.

ಆಮೇಲೆ ಹಳೇ ಗ್ರಾಫ್ ಹಾಳೆ ತೆಗೆದು ಅದೇ ಕೊಡಪಾನ, ಅದೇ ಜಾಗದಲ್ಲಿ ಮತ್ತೆ ನೇತುಹಾಕಿ. ಕಡ್ಡಿ ಕಡಿಮೆ ಸರಿದರೆ, ಇಳಿಸಿದಾಗ ಗುರುತಿಗೆ ಮರಳಿದರೆ ಕೆಲಸ ಆಯಿತು. ಬಾರ್ ಟೇಪ್ ಈಗಲೇ ಸುತ್ತಬೇಡಿ. ಸದಾಶಿವಗಡದ ಕಡೆಗೋ ಕದ್ರಾ ಕಡೆಗೋ ಒಂದು ಸುತ್ತು ಹೋಗಿ, ಒಮ್ಮೆ ಎದ್ದು ತುಳಿದು, ಒಮ್ಮೆ ಗಟ್ಟಿಯಾಗಿ ಬ್ರೇಕ್ ಹಾಕಿ ಮನೆಗೆ ಬಂದ ಮೇಲೆ ಎಲ್ಲ ಬೋಲ್ಟಿಗೂ ಮತ್ತೊಮ್ಮೆ ಕೀ ಹಾಕಿ. ಹೊಸದಾಗಿ ಕೂತ ಬೆಣೆ ಮೊದಲ ಸವಾರಿಯಲ್ಲಿ ಸ್ವಲ್ಪ ಕೂರುತ್ತದೆ, ಕಾಲು ಸುತ್ತು ಬಂದರೆ ಹೆದರಬೇಡಿ. ಎರಡನೇ ಸಲವೂ ಅಷ್ಟೇ ಬಂದರೆ ಬಿಚ್ಚಿ ನೋಡಿ, ಬೆಣೆ ಓರೆಯಾಗಿ ಕೂತಿರುತ್ತದೆ. ಟೇಪ್ ಆಮೇಲೆ ಸುತ್ತಿ. ಕರಾವಳಿಯವರು ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಸ್ಟೆಮ್ ಹೊರಗೆಳೆದು, ಒರೆಸಿ, ಹೊಸ ಗ್ರೀಸ್ ಹಚ್ಚಿ ಇಳಿಸಿ. ಎತ್ತರದ ಗುರುತಿಗೆ ಕೋಲಿನ ಸುತ್ತ ಟೇಪಿನ ಚೂರು ಅಂಟಿಸಿಕೊಳ್ಳಿ, ಸೂಜಿಯಿಂದ ಗೀರಬೇಡಿ.